ಒಂದೇ ಕೈಯಲ್ಲಿ ಖಡ್ಗ ಮತ್ತು ಲೇಖನಿ: ಯುದ್ಧ ವರದಿಗಾರನಾಗಿ ವಿನ್‌ಸ್ಟನ್ ಚರ್ಚಿಲ್

೧. ಪ್ರವೇಶ

ಯುದ್ಧದಲ್ಲಿ ಪಾಲ್ಗೊಂಡವನೇ ಯುದ್ಧವನ್ನು ಕುರಿತು ಬರೆಯುವುದು ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಅಪರಿಚಿತವಾದ ಸಂಗತಿಯಲ್ಲ. ಕವಿಯೂ ಕಲಿಯೂ ಆಗಿದ್ದ ಪಂಪನು ತನ್ನ ಒಡೆಯ ಅರಿಕೇಸರಿಯನ್ನು ಭಾರತದ ಅರ್ಜುನನೊಡನೆ ಸಮೀಕರಿಸಿ ಕಾವ್ಯವನ್ನು ಕಟ್ಟಿದನು. ಅಲ್ಲಿ ಕವಿಗೂ ಯೋಧನಿಗೂ ಒಡೆಯನು ಒಬ್ಬನೇ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಈ ಸ್ಥಿತಿ ಬದಲಾಯಿತು. ಮುದ್ರಣಯಂತ್ರ, ತಂತಿ ವ್ಯವಸ್ಥೆ ಹಾಗೂ ಬೆಳೆಯುತ್ತಿದ್ದ ಅಕ್ಷರಸ್ಥ ಸಮುದಾಯ ಇವು ಮೂರೂ ಕೂಡಿ ಯುದ್ಧ ವರದಿಗಾರನೆಂಬ ಹೊಸ ಬಗೆಯ ಬರಹಗಾರನನ್ನು ರೂಪಿಸಿದವು. ಆತನ ಒಡೆಯನು ಸೇನಾಪತಿಯಲ್ಲ, ಪತ್ರಿಕೆಯ ಸಂಪಾದಕ. ಸಂಪಾದಕನ ಹಿಂದೆ ಕಾಸು ಕೊಟ್ಟು ಪತ್ರಿಕೆ ಕೊಳ್ಳುವ ಓದುಗ.

ಕ್ರಿಮಿಯನ್ ಯುದ್ಧದ ಕಾಲದಲ್ಲಿ (೧೮೫೩-೫೬) ಲಂಡನ್ನಿನ 'ದ ಟೈಮ್ಸ್' ಪತ್ರಿಕೆಗೆ ಬರೆದ ವಿಲಿಯಂ ಹೋವರ್ಡ್ ರಸೆಲ್ ಈ ವೃತ್ತಿಗೆ ಒಂದು ನಿಶ್ಚಿತ ರೂಪವನ್ನು ಕೊಟ್ಟನು. ಆತ ಸೈನಿಕನಾಗಿರಲಿಲ್ಲ. ಅನಂತರ ಬಂದ ಆರ್ಚಿಬಾಲ್ಡ್ ಫೋರ್ಬ್ಸ್ ಅಶ್ವದಳದಲ್ಲಿ ಸೇವೆ ಸಲ್ಲಿಸಿ, ಸೇನೆಯನ್ನು ಬಿಟ್ಟ ಬಳಿಕ ವರದಿಗಾರನಾದವನು. ೧೮೭೦ರ ಫ್ರಾನ್ಸ್-ಪ್ರಷ್ಯಾ ಯುದ್ಧದ ವರದಿಗಳಿಂದ ಹೆಸರಾದನು. ವಿನ್‌ಸ್ಟನ್ ಚರ್ಚಿಲ್‌ನ (೧೮೭೪-೧೯೬೫) ಸ್ಥಿತಿ ಈ ಇಬ್ಬರಿಗಿಂತಲೂ ಭಿನ್ನವಾದುದು. ಆತ ಸೈನಿಕನಾಗಿದ್ದುಕೊಂಡೇ ವರದಿಗಾರನಾದನು. ವರದಿಗಾರನಾಗಿದ್ದುಕೊಂಡೇ ಮತ್ತೆ ಸೈನಿಕನಾದನು. ೧೮೯೫ರಿಂದ ೧೯೦೦ರವರೆಗಿನ ಐದು ವರ್ಷಗಳಲ್ಲಿ ಕ್ಯೂಬಾ, ಭಾರತದ ವಾಯವ್ಯ ಗಡಿ, ಸೂಡಾನ್ ಮತ್ತು ದಕ್ಷಿಣ ಆಫ್ರಿಕಗಳ ಯುದ್ಧಭೂಮಿಗಳಿಂದ ಆತ ಬರೆದುದು ಈ ಇಬ್ಬಗೆಯ ಸ್ಥಾನದಿಂದಲೇ. ಆ ಬರವಣಿಗೆಯ ಪ್ರತ್ಯಕ್ಷತೆಗೂ ಅದರ ಮೌನಗಳಿಗೂ ಮೂಲ ಒಂದೇ ಆಗಿದೆ. ಬ್ರಿಟನ್ನಿನ ಪ್ರಧಾನಿಯಾಗಿ ಪ್ರಸಿದ್ಧನಾದ ವ್ಯಕ್ತಿಯ ಜೀವನದ ಈ ಭಾಗವನ್ನು ಆ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಮನೆತನ, ಶಿಕ್ಷಣ ಮತ್ತು ಮೊದಲ ವರದಿ

ಚರ್ಚಿಲ್ ೧೮೭೪ರ ನವೆಂಬರ್ ೩೦ರಂದು ಆಕ್ಸ್‌ಫರ್ಡ್ ಪ್ರಾಂತದ ಬ್ಲೆನಿಮ್ ಅರಮನೆಯಲ್ಲಿ ಜನಿಸಿದನು. ತಂದೆ ಲಾರ್ಡ್ ರ‍್ಯಾಂಡಾಲ್ಫ್ ಚರ್ಚಿಲ್ ಮಾರ್ಲ್‌ಬರೋ ಡ್ಯೂಕರ ಮನೆತನದವನು. ತಾಯಿ ಜೆನ್ನಿ ಜೆರೋಮ್ ಅಮೆರಿಕದವಳು. ತಂದೆ ೧೮೮೫-೮೬ರಲ್ಲಿ ಭಾರತ ಮಂತ್ರಿಯಾಗಿದ್ದನು. ಮೇಲ್ಬರ್ಮಾವನ್ನು ಸಾಮ್ರಾಜ್ಯಕ್ಕೆ ಸೇರಿಸಿಕೊಂಡದ್ದು ಆತನ ಅವಧಿಯಲ್ಲಿ. ಬಳಿಕ ಹಣಕಾಸು ಮಂತ್ರಿಯಾಗಿ, ಕೆಲವೇ ತಿಂಗಳಲ್ಲಿ ರಾಜೀನಾಮೆಯಿತ್ತು, ಮತ್ತೆಂದೂ ಮೇಲೇಳಲಿಲ್ಲ. ತಂದೆಯ ಈ ಮುರಿದುಬಿದ್ದ ರಾಜಕೀಯ ಬದುಕು ಮಗನ ಮನಸ್ಸಿನಲ್ಲಿ ಸದಾ ಉಳಿಯಿತು.

ಹ್ಯಾರೋ ಶಾಲೆಯಲ್ಲಿ ಚರ್ಚಿಲ್ ಪ್ರತಿಭಾವಂತನೆನಿಸಿಕೊಳ್ಳಲಿಲ್ಲ. ಲ್ಯಾಟಿನ್ ಮತ್ತು ಗ್ರೀಕ್ ಆತನಿಗೆ ಒಗ್ಗಲಿಲ್ಲ. ಇಂಗ್ಲಿಷ್ ವಾಕ್ಯರಚನೆ ಮಾತ್ರ ಚೆನ್ನಾಗಿ ಕೈವಶವಾಯಿತು. ಸ್ಯಾಂಡ್‌ಹರ್ಸ್ಟ್ ಸೈನಿಕ ವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಮೂರನೆಯ ಬಾರಿಗೆ, ೧೮೯೩ರಲ್ಲಿ, ತೇರ್ಗಡೆಯಾದನು. ೧೮೯೫ರ ಜನವರಿ ೨೪ರಂದು ತಂದೆ ತೀರಿಕೊಂಡನು. ಮರುತಿಂಗಳು ಮಗನು ನಾಲ್ಕನೆಯ ಹುಸ್ಸಾರ್ ಅಶ್ವದಳದಲ್ಲಿ ಅಧಿಕಾರಿಯಾಗಿ ನೇಮಕಗೊಂಡನು. ಮನೆತನದ ಹೆಸರು ದೊಡ್ಡದಾಗಿದ್ದರೂ ಕೈಯಲ್ಲಿ ಹಣವಿರಲಿಲ್ಲ. ಅಶ್ವದಳದ ಅಧಿಕಾರಿಯ ಸಂಬಳದಲ್ಲಿ ಕುದುರೆಗಳನ್ನೂ ಪೋಲೋ ಆಟವನ್ನೂ ನಿಭಾಯಿಸುವುದು ಸಾಧ್ಯವಿರಲಿಲ್ಲ. ರಾಜಕೀಯಕ್ಕೆ ಹೋಗುವ ಹಂಬಲ ಬೇರೆ. ಪಾರ್ಲಿಮೆಂಟಿನ ಸದಸ್ಯರಿಗೆ ಆಗ ಸಂಬಳವೂ ಇರಲಿಲ್ಲ. ಹೆಸರು ಮತ್ತು ಹಣ ಎರಡನ್ನೂ ಬೇಗನೆ ಗಳಿಸಿಕೊಡಬಲ್ಲ ದಾರಿಯಾಗಿ ಯುದ್ಧವೂ ಬರವಣಿಗೆಯೂ ಆತನಿಗೆ ಕಂಡದ್ದು ಈ ಹಿನ್ನೆಲೆಯಲ್ಲಿ.

ಅದೇ ವರ್ಷದ ಚಳಿಗಾಲದ ರಜೆಯಲ್ಲಿ ಗೆಳೆಯ ರೆಜಿನಾಲ್ಡ್ ಬಾರ್ನ್ಸ್‌ನೊಡನೆ ಚರ್ಚಿಲ್ ಕ್ಯೂಬಾಕ್ಕೆ ಹೋದನು. ಅಲ್ಲಿ ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆ ನಡೆದಿತ್ತು. ತಂದೆಯ ದಕ್ಷಿಣ ಆಫ್ರಿಕ ಪ್ರವಾಸದ ಪತ್ರಗಳನ್ನು ೧೮೯೧ರಲ್ಲಿ ಪ್ರಕಟಿಸಿದ್ದ 'ಡೈಲಿ ಗ್ರಾಫಿಕ್' ಪತ್ರಿಕೆಯೇ ಮಗನ ಐದು ಪತ್ರಗಳನ್ನು, ಪತ್ರವೊಂದಕ್ಕೆ ಐದು ಗಿನಿಯಂತೆ, ಪಡೆದುಕೊಂಡಿತು. ತನ್ನ ಇಪ್ಪತ್ತೊಂದನೆಯ ಹುಟ್ಟುಹಬ್ಬದ ದಿನ ಚರ್ಚಿಲ್ ಮೊದಲ ಬಾರಿಗೆ ಗುಂಡಿನ ಸದ್ದನ್ನು ಕೇಳಿದನು. ಸ್ಪೇನಿನ ಸೇನೆಯ ಅತಿಥಿಯಾಗಿದ್ದುಕೊಂಡು, ದಂಗೆಕೋರರಿಗೆ ಜನಬೆಂಬಲವಿರುವುದನ್ನು ಗುರುತಿಸಿ ಬರೆದದ್ದು ಈ ಮೊದಲ ವರದಿಗಳ ವಿಶೇಷ. ಆದರೆ ಅಲ್ಲಿ ಆತ ಪ್ರೇಕ್ಷಕ ಮಾತ್ರ. ಆ ಯುದ್ಧ ಆತನ ದೇಶದ್ದಲ್ಲ.

೩. ಬೆಂಗಳೂರು ದಂಡಿನ ದಿನಗಳು

೧೮೯೬ರ ಅಕ್ಟೋಬರಿನಲ್ಲಿ ನಾಲ್ಕನೆಯ ಹುಸ್ಸಾರ್ ದಳ ಭಾರತಕ್ಕೆ ಬಂದಿತು. ಮುಂಬಯಿಯ ಸಸೂನ್ ಧಕ್ಕೆಯಲ್ಲಿ ದೋಣಿಯಿಂದ ಇಳಿಯುವಾಗ ಕಬ್ಬಿಣದ ಬಳೆಯನ್ನು ಹಿಡಿದ ಚರ್ಚಿಲ್‌ನ ಬಲಭುಜ ತಪ್ಪಿತು. ಈ ಊನ ಜೀವನಪರ್ಯಂತ ಉಳಿಯಿತು. ಮುಂದೆ ಯುದ್ಧದಲ್ಲಿ ಖಡ್ಗದ ಬದಲು ಪಿಸ್ತೂಲನ್ನು ನೆಚ್ಚುವಂತೆ ಮಾಡಿತು. ದಳ ಪುಣೆಯ ಮಾರ್ಗವಾಗಿ ಬೆಂಗಳೂರಿನ ದಂಡುಪ್ರದೇಶಕ್ಕೆ ಬಂದು ನೆಲೆಯೂರಿತು.

ಆ ಕಾಲದ ಬೆಂಗಳೂರು ಒಂದು ನಗರವಲ್ಲ, ಎರಡು. ಮೈಸೂರು ಸಂಸ್ಥಾನಕ್ಕೆ ಸೇರಿದ ಪೇಟೆ ಒಂದು. ೧೮೦೯ರಿಂದ ಬೆಳೆದು ಬಂದ, ಬ್ರಿಟಿಷ್ ರೆಸಿಡೆಂಟನ ಆಡಳಿತಕ್ಕೆ ಒಳಪಟ್ಟ ದಂಡು ಮತ್ತೊಂದು. ಹತ್ತನೆಯ ಚಾಮರಾಜ ಒಡೆಯರು ೧೮೯೪ರ ಡಿಸೆಂಬರಿನಲ್ಲಿ ತೀರಿಕೊಂಡು, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ, ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿ ಸಂಸ್ಥಾನವನ್ನು ನಡೆಸುತ್ತಿದ್ದ ಕಾಲವದು. ಚರ್ಚಿಲ್ ಬದುಕಿದ್ದು ದಂಡಿನ ಜಗತ್ತಿನಲ್ಲಿ. ಬಾರ್ನ್ಸ್ ಮತ್ತು ಹ್ಯೂಗೋ ಬೇರಿಂಗ್ ಎಂಬ ಇಬ್ಬರು ಸಹೋದ್ಯೋಗಿಗಳೊಡನೆ ಗುಲಾಬಿ ತೋಟವಿದ್ದ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದನು. ಬೆಳಗಿನ ಕವಾಯತು, ಸಂಜೆಯ ಪೋಲೋ ಇವುಗಳ ನಡುವೆ ದೀರ್ಘವಾದ ಬಿಡುವು. ಚಿಟ್ಟೆಗಳನ್ನು ಸಂಗ್ರಹಿಸಿದನು, ಆ ಸಂಗ್ರಹ ಇಲಿಯ ಪಾಲಾಯಿತು. ಬಟ್ಲರು, ಸಾಯಿಸ, ಮಾಲಿ ಮೊದಲಾದವರ ದುಡಿಮೆಯ ಮೇಲೆ ಈ ಬದುಕು ನಿಂತಿತ್ತು. ೧೯೩೦ರಲ್ಲಿ ಪ್ರಕಟವಾದ 'ಮೈ ಅರ್ಲಿ ಲೈಫ್' ಎಂಬ ಆತ್ಮಕಥೆಯಲ್ಲಿ ಆ ಸೌಕರ್ಯದ ವಿವರಣೆಯಿದೆ. ದುಡಿದವರು ವ್ಯಕ್ತಿಗಳಾಗಿ ಅಲ್ಲಿ ಬೆಳೆಯುವುದಿಲ್ಲ.

ಬೆಂಗಳೂರಿನ ಮುಖ್ಯ ಫಲವೆಂದರೆ ಓದು. ವಿಶ್ವವಿದ್ಯಾಲಯದ ಶಿಕ್ಷಣವಿಲ್ಲದ ಕೊರತೆಯನ್ನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮನಗಂಡ ಚರ್ಚಿಲ್ ದಿನಕ್ಕೆ ನಾಲ್ಕೈದು ಗಂಟೆಗಳ ಕಾಲ ಓದತೊಡಗಿದನು. ತಾಯಿ ಪುಸ್ತಕಗಳ ಪೆಟ್ಟಿಗೆಗಳನ್ನು ಕಳಿಸುತ್ತಿದ್ದಳು. ರೋಮ್ ಸಾಮ್ರಾಜ್ಯದ ಅವನತಿಯನ್ನು ಕುರಿತ ಗಿಬ್ಬನ್ನನ ಇತಿಹಾಸ, ಮೆಕಾಲೆಯ ಇತಿಹಾಸ ಮತ್ತು ಪ್ರಬಂಧಗಳು, ಪ್ಲೇಟೋ, ಅರಿಸ್ಟಾಟಲ್, ಮಾಲ್ತಸ್, ಡಾರ್ವಿನ್, ಶೋಪೆನ್‌ಹಾವರ್ ಇವು ಆ ಓದಿನ ವ್ಯಾಪ್ತಿ. ಬ್ರಿಟಿಷ್ ಪಾರ್ಲಿಮೆಂಟಿನ ಚರ್ಚೆಗಳ ವಾರ್ಷಿಕ ಸಂಪುಟಗಳನ್ನು ತರಿಸಿಕೊಂಡು, ಪ್ರತಿಯೊಂದು ವಿಷಯದಲ್ಲೂ ಮೊದಲು ತನ್ನ ಅಭಿಪ್ರಾಯವನ್ನು ಬರೆದಿಟ್ಟು, ಬಳಿಕ ಚರ್ಚೆಯನ್ನು ಓದಿ ಹೋಲಿಸಿ ನೋಡುವುದು ಆತನ ಕ್ರಮವಾಗಿತ್ತು. ಗಿಬ್ಬನ್ನನ ಸಮತೂಕದ ದೀರ್ಘ ವಾಕ್ಯ, ಮೆಕಾಲೆಯ ಚುರುಕಾದ ವಿರೋಧಾಲಂಕಾರ ಇವೆರಡರ ಬೆರಕೆಯಿಂದ ಚರ್ಚಿಲ್‌ನ ಗದ್ಯ ಹುಟ್ಟಿತು. ರಣರಂಗದ ವರದಿಗೆ ಚರಿತ್ರೆಯ ಗಾಂಭೀರ್ಯವನ್ನು ಕೊಡುವ ಆತನ ಪ್ರವೃತ್ತಿಯ ಬೇರು ಇಲ್ಲಿದೆ. ಸಾಮ್ರಾಜ್ಯಗಳ ಏಳುಬೀಳುಗಳನ್ನು ಓದುತ್ತಿದ್ದ ಕೋಣೆಯ ಹೊರಗೇ ಒಂದು ಸಾಮ್ರಾಜ್ಯದ ಅಧೀನದಲ್ಲಿದ್ದ ಜನರು ಬದುಕುತ್ತಿದ್ದರು. ಅವರ ಭಾಷೆಯನ್ನಾಗಲಿ ಸಾಹಿತ್ಯವನ್ನಾಗಲಿ ಆ ಓದು ಒಳಗೊಳ್ಳಲಿಲ್ಲ. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿ ಎರಡು ವರ್ಷವಷ್ಟೇ ಕಳೆದಿತ್ತು, ಬಿ.ಎಲ್. ರೈಸ್ ಶಾಸನಗಳ ಸಂಪುಟಗಳನ್ನು ಹೊರತರುತ್ತಿದ್ದನು. ಅದೇ ನಾಡಿನಲ್ಲಿದ್ದ ಸೈನ್ಯಾಧಿಕಾರಿಯ ಪ್ರಪಂಚ ಇವುಗಳಿಂದ ಬಹುದೂರ.

೪. ಮಲಾಕಂಡ್: ಬರೆದದ್ದು ಮತ್ತು ಬರೆಯದೆ ಉಳಿದದ್ದು

೧೮೯೭ರ ಜುಲೈ ಕೊನೆಯಲ್ಲಿ ವಾಯವ್ಯ ಗಡಿಯ ಪಠಾಣ ಬುಡಕಟ್ಟುಗಳು ಮಲಾಕಂಡಿನ ಬ್ರಿಟಿಷ್ ನೆಲೆಯ ಮೇಲೆ ದಾಳಿ ಮಾಡಿದವು. ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದ ಚರ್ಚಿಲ್ ದಂಡಯಾತ್ರೆಯ ಸೇನಾಪತಿ ಸರ್ ಬಿಂಡನ್ ಬ್ಲಡ್‌ಗೆ ತಂತಿ ಕಳಿಸಿ ಕೂಡಲೇ ಹೊರಟು ಬಂದನು. ಸೇನೆಯಲ್ಲಿ ಸ್ಥಾನ ತೆರವಿಲ್ಲ, ವರದಿಗಾರನಾಗಿ ಬರಬಹುದು ಎಂಬ ಉತ್ತರ ಬಂದಿತು. ಬೆಂಗಳೂರಿನಿಂದ ನೌಶೇರಾವರೆಗೆ ಎರಡು ಸಾವಿರ ಮೈಲಿಗಳನ್ನು ಮೀರಿದ ದಾರಿಯನ್ನು ಐದು ದಿನಗಳ ರೈಲು ಪ್ರಯಾಣದಲ್ಲಿ ಕ್ರಮಿಸಿದನು. ಅಲಹಾಬಾದಿನ 'ಪಯನಿಯರ್' ಪತ್ರಿಕೆಗೆ ತಂತಿ ವರದಿ, ಲಂಡನ್ನಿನ 'ಡೈಲಿ ಟೆಲಿಗ್ರಾಫ್'ಗೆ ಅಂಕಣವೊಂದಕ್ಕೆ ಐದು ಪೌಂಡಿನಂತೆ ಪತ್ರಗಳು ಎಂಬ ವ್ಯವಸ್ಥೆಯಾಯಿತು. ಎರಡನೆಯದನ್ನು ಗೊತ್ತುಪಡಿಸಿದವಳು ತಾಯಿ. ಲೇಖಕನ ಹೆಸರನ್ನು ಹಾಕದೆ ಒಬ್ಬ ಯುವ ಅಧಿಕಾರಿಯ ಪತ್ರಗಳೆಂದು ಟೆಲಿಗ್ರಾಫ್ ಅವನ್ನು ಅಚ್ಚುಮಾಡಿತು. ಹೆಸರಿಗಾಗಿಯೇ ಹೊರಟಿದ್ದವನಿಗೆ ಇದು ನಿರಾಸೆ ತಂದಿತು.

ಈ ಇಬ್ಬಗೆಯ ಪಾತ್ರ ಚರ್ಚಿಲ್ ಒಬ್ಬನದೇ ಆಗಿರಲಿಲ್ಲ. ಅದೇ ದಂಡಯಾತ್ರೆಯಲ್ಲಿ, ೧೮೯೭ರ ಆಗಸ್ಟ್ ೧೭ರಂದು, 'ಟೈಮ್ಸ್ ಆಫ್ ಇಂಡಿಯಾ'ಕ್ಕೆ ವರದಿ ಕಳಿಸುತ್ತಿದ್ದ ಗ್ರೀವ್ಸ್ ಎಂಬ ಸೇನಾಧಿಕಾರಿ ಹತನಾದನು. ಅವನನ್ನು ಕಾಪಾಡಲೆತ್ನಿಸಿದವರಲ್ಲಿ ಒಬ್ಬನಾದ ಫಿನ್‌ಕಾಸಲ್ 'ದ ಟೈಮ್ಸ್'ನ ವರದಿಗಾರನಾಗಿದ್ದ ಇನ್ನೊಬ್ಬ ಅಧಿಕಾರಿ. ಆತನಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಸೇನಾಧಿಕಾರಿಗಳೇ ವರದಿ ಬರೆಯುವುದು ಪತ್ರಿಕೆಗಳಿಗೆ ಅಗ್ಗ, ಅಧಿಕಾರಿಗಳಿಗೆ ಲಾಭ, ಸೇನಾಪತಿಗಳಿಗೆ ಬಹುಮಟ್ಟಿಗೆ ನಿರಪಾಯಕರ.

ಸೆಪ್ಟೆಂಬರ್ ೧೬ರಂದು ಮಾಮುಂದ್ ಕಣಿವೆಯಲ್ಲಿ ನಡೆದ ಕದನದಲ್ಲಿ ಚರ್ಚಿಲ್ ಪ್ರೇಕ್ಷಕನಾಗಿ ಉಳಿಯಲಿಲ್ಲ. ಸಿಖ್ಖರ ಚಿಕ್ಕ ತುಕಡಿಯೊಂದು ಬೆಟ್ಟದಿಂದ ಹಿಂದೆ ಸರಿಯುವಾಗ ಗಾಯಾಳುಗಳನ್ನು ಎಳೆದು ತರುವುದಕ್ಕೂ ಗುಂಡು ಹಾರಿಸುವುದಕ್ಕೂ ಕೈಜೋಡಿಸಿದನು. ಆ ದಿನ ಬ್ರಿಗೇಡಿನ ಸುಮಾರು ನೂರೈವತ್ತು ಮಂದಿ ಸತ್ತರು ಅಥವಾ ಗಾಯಗೊಂಡರು. ಅಧಿಕಾರಿಗಳ ಕೊರತೆಯುಂಟಾದ್ದರಿಂದ ಆತನನ್ನು ೩೧ನೆಯ ಪಂಜಾಬ್ ಕಾಲ್ದಳಕ್ಕೆ ಸೇರಿಸಲಾಯಿತು. ಸೈನಿಕರ ಭಾಷೆ ಬಾರದೆ, ಸನ್ನೆಗಳಿಂದಲೂ ಒಂದೆರಡು ಪದಗಳಿಂದಲೂ ಅವರನ್ನು ನಡೆಸಬೇಕಾಯಿತು. ಇತರರು ನೆಲಕ್ಕೊರಗಿದ್ದ ಎಡೆಯಲ್ಲಿ ತಾನು ಬೂದುಬಣ್ಣದ ತಟ್ಟುವನ್ನೇರಿ ಸಾಗಿದುದನ್ನು ತಾಯಿಗೆ ಬರೆದು, ನೋಡುವವರಿದ್ದುದರಿಂದಲೇ ಹಾಗೆ ಮಾಡಿದೆನೆಂದು ಒಪ್ಪಿಕೊಂಡನು. ಸೈನಿಕ ಕರ್ತವ್ಯ, ವರದಿಯ ವಸ್ತು, ಮುಂದಿನ ರಾಜಕೀಯದ ಬಂಡವಾಳ ಇವು ಮೂರೂ ಆ ಒಂದೇ ಸವಾರಿಯಲ್ಲಿ ಬೆರೆತುಕೊಂಡಿವೆ.

ಅನಂತರದ ವಾರಗಳಲ್ಲಿ ಸೇನೆ ಕಣಿವೆಯ ಹಳ್ಳಿಗಳನ್ನು ಒಂದೊಂದಾಗಿ ನಾಶಮಾಡುತ್ತ ಹೋಯಿತು. ಮನೆಗಳನ್ನು ಸುಟ್ಟರು, ಬಾವಿಗಳನ್ನು ಮುಚ್ಚಿದರು, ಕಾವಲು ಗೋಪುರಗಳನ್ನು ಉಡಾಯಿಸಿದರು, ನೀರಿನ ಆಸರೆಗಳನ್ನು ಒಡೆದರು. ಈ ವಿಷಯದಲ್ಲಿ ಚರ್ಚಿಲ್‌ನ ಬರವಣಿಗೆ ಎರಡು ಸ್ತರಗಳಲ್ಲಿ ಸಾಗುತ್ತದೆ. ಗೆಳೆಯರಿಗೂ ಮನೆಯವರಿಗೂ ಬರೆದ ಪತ್ರಗಳಲ್ಲಿ ಎರಡೂ ಕಡೆಯವರ ನಿರ್ದಯೆ ಮುಚ್ಚುಮರೆಯಿಲ್ಲದೆ ಕಾಣಿಸುತ್ತದೆ. ಗಡಿನೀತಿಯ ವೆಚ್ಚವನ್ನೂ ನೈತಿಕತೆಯನ್ನೂ ತಾಯಿಗೆ ಬರೆದ ಪತ್ರದಲ್ಲಿ ಕಟುವಾಗಿ ಟೀಕಿಸಿದ್ದಾನೆ. ಓದುಗರೆದುರಿಗೆ ಬಂದಾಗ ಮಾತ್ರ ಹಳ್ಳಿಗಳನ್ನು ಸುಡುವುದು ಯುದ್ಧದ ಅನಿವಾರ್ಯ ವಿಧಾನವೆಂದು ಸಮರ್ಥಿಸಿ, ಅದನ್ನು ವಿರೋಧಿಸಿದ ಪಾರ್ಲಿಮೆಂಟಿನ ಸದಸ್ಯರನ್ನು ಪರಿಹಾಸ್ಯ ಮಾಡುತ್ತಾನೆ. ಕಣಿವೆಯನ್ನು ಕಣ್ಣಾರೆ ಕಂಡವನೆಂಬ ಅಧಿಕಾರವೇ ಇಲ್ಲಿ ಕಂಡದ್ದನ್ನು ಸಮರ್ಥನೆಯಾಗಿ ಮಾರ್ಪಡಿಸಲು ಬಳಕೆಯಾಗಿದೆ.

ಅಕ್ಟೋಬರಿನಲ್ಲಿ ಬೆಂಗಳೂರಿಗೆ ಮರಳಿದ ಚರ್ಚಿಲ್ ಕೆಲವೇ ವಾರಗಳಲ್ಲಿ ತನ್ನ ಮೊದಲ ಪುಸ್ತಕವನ್ನು ಬರೆದು ಮುಗಿಸಿದನು. ಅದೇ ದಂಡಯಾತ್ರೆಯನ್ನು ಕುರಿತು ಫಿನ್‌ಕಾಸಲ್ ಕೂಡ ಬರೆಯುತ್ತಿದ್ದುದೇ ಈ ಅವಸರಕ್ಕೆ ಕಾರಣ. 'ದ ಸ್ಟೋರಿ ಆಫ್ ದ ಮಲಾಕಂಡ್ ಫೀಲ್ಡ್ ಫೋರ್ಸ್' ೧೮೯೮ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕರಡನ್ನು ತಿದ್ದುವ ಹೊಣೆ ಹೊತ್ತ ಬಂಧು ಮೋರ್ಟನ್ ಫ್ರೂಯೆನ್ ಅಚ್ಚಿನ ತಪ್ಪುಗಳ ರಾಶಿಯನ್ನೇ ಉಳಿಸಿದ್ದನು. ಬೆಂಗಳೂರಿನಲ್ಲಿ ಪ್ರತಿಯನ್ನು ಕಂಡ ಲೇಖಕ ತಲೆತಗ್ಗಿಸುವಂತಾಯಿತು. ಆದರೂ ಪುಸ್ತಕ ಮೆಚ್ಚುಗೆ ಗಳಿಸಿತು. ಅದನ್ನು ಓದಿದ ಪ್ರಧಾನಿ ಸಾಲಿಸ್‌ಬರಿ ಯುವ ಲೇಖಕನನ್ನು ಕರೆಸಿಕೊಂಡು ಮಾತನಾಡಿಸಿದನು.

೫. ಸೂಡಾನ್: ಎರಡು ಆವೃತ್ತಿಗಳ ನಡುವೆ

ಸೂಡಾನಿನಲ್ಲಿ ಮಹ್ದಿಯ ಉತ್ತರಾಧಿಕಾರಿ ಖಲೀಫ ಅಬ್ದುಲ್ಲಾಹಿಯ ವಿರುದ್ಧ ಆಗ ಕಿಚನರ್ ಯುದ್ಧ ನಡೆಸುತ್ತಿದ್ದನು. ಬರೆಯುವ ಅಧಿಕಾರಿಗಳನ್ನು ಕಂಡರಾಗದ ಕಿಚನರ್ ಚರ್ಚಿಲ್‌ನನ್ನು ಸೇರಿಸಿಕೊಳ್ಳಲು ನಿರಾಕರಿಸಿದನು. ಪ್ರಧಾನಿಯ ಶಿಫಾರಸೂ ಫಲಿಸಲಿಲ್ಲ. ಕೊನೆಗೆ ಯುದ್ಧ ಇಲಾಖೆಯ ಮೂಲಕ, ಸ್ವಂತ ಖರ್ಚಿನಲ್ಲಿ ಹೋಗಬೇಕೆಂಬ ಷರತ್ತಿನ ಮೇಲೆ, ೨೧ನೆಯ ಲ್ಯಾನ್ಸರ್ಸ್ ದಳದಲ್ಲಿ ಸ್ಥಾನ ದೊರೆಯಿತು. 'ಮಾರ್ನಿಂಗ್ ಪೋಸ್ಟ್' ಪತ್ರಿಕೆ ಅಂಕಣವೊಂದಕ್ಕೆ ಹದಿನೈದು ಪೌಂಡು ಕೊಡಲು ಒಪ್ಪಿತು. ಅಧಿಕೃತ ವರದಿಗಾರನಲ್ಲದ ಕಾರಣ, ಗೆಳೆಯನೊಬ್ಬನಿಗೆ ಬರೆದ ಖಾಸಗಿ ಪತ್ರಗಳ ವೇಷದಲ್ಲಿ ಆ ವರದಿಗಳು ಹೊರಬಂದವು.

೧೮೯೮ರ ಸೆಪ್ಟೆಂಬರ್ ೨ರಂದು ಒಮ್‌ಡರ್ಮನ್ ಕದನ ನಡೆಯಿತು. ಮೆಷಿನ್‌ಗನ್ನು, ಫಿರಂಗಿ ಮತ್ತು ದೋಣಿಪಡೆಗಳ ಎದುರು ಈಟಿ, ಖಡ್ಗ, ಹಳೆಯ ಬಂದೂಕುಗಳ ಸೇನೆ ಒಂದೇ ಬೆಳಗಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಕಿಚನರ್‌ನ ಸೇನೆಯಲ್ಲಿ ಸತ್ತವರು ಐವತ್ತಕ್ಕಿಂತ ಕಡಿಮೆ. ಆ ಅಲ್ಪಸಂಖ್ಯೆಯ ದೊಡ್ಡದೊಂದು ಪಾಲು ೨೧ನೆಯ ಲ್ಯಾನ್ಸರ್ಸ್‌ಗೆ ಸೇರಿದುದು. ಹಳ್ಳದಲ್ಲಿ ಅಡಗಿದ್ದ ಪಡೆಯ ಮೇಲೆ ನುಗ್ಗಿದ ಆ ದಳದ ಇಪ್ಪತ್ತೊಂದು ಮಂದಿ ಎರಡೇ ನಿಮಿಷಗಳಲ್ಲಿ ಸತ್ತರು. ಚರ್ಚಿಲ್ ಪಿಸ್ತೂಲಿನಿಂದ ಗುಂಡು ಹಾರಿಸುತ್ತ ಗಾಯವಿಲ್ಲದೆ ಪಾರಾದನು. ಆತ ತಡವಾಗಿ ಬಂದ ಕಾರಣ ಆತನಿಗೆ ಮೀಸಲಾಗಿದ್ದ ತುಕಡಿಯನ್ನು ರಾಬರ್ಟ್ ಗ್ರೆನ್‌ಫೆಲ್ ಎಂಬ ಅಧಿಕಾರಿಗೆ ವಹಿಸಲಾಗಿತ್ತು, ಗ್ರೆನ್‌ಫೆಲ್ ಹತನಾದನು. 'ದ ಟೈಮ್ಸ್'ನ ವರದಿಗಾರ ಹ್ಯೂಬರ್ಟ್ ಹೋವರ್ಡ್ ಕೂಡ ಅದೇ ದಿನ ಸತ್ತನು.

ಈ ಯುದ್ಧವನ್ನು ಕುರಿತ 'ದ ರಿವರ್ ವಾರ್' ಚರ್ಚಿಲ್‌ನ ಆರಂಭದ ಬರವಣಿಗೆಯ ಶಿಖರ. ಅದರ ಒಂದು ಭಾಗವನ್ನು ಆತ ೧೮೯೮-೯೯ರ ಚಳಿಗಾಲದಲ್ಲಿ ಬೆಂಗಳೂರಿಗೆ ಮರಳಿ ಬಂದಾಗ ಬರೆದನು. ೧೮೯೯ರ ನವೆಂಬರಿನಲ್ಲಿ ಎರಡು ಸಂಪುಟಗಳಲ್ಲಿ ಅದು ಪ್ರಕಟವಾಯಿತು. ಮಹ್ದಿ ಚಳವಳಿಗೆ ಈಜಿಪ್ಟಿನ ದುರಾಡಳಿತವೇ ಕಾರಣವೆಂಬ ವಿಶ್ಲೇಷಣೆ, ಮರುಭೂಮಿಯಲ್ಲಿ ಹಾಕಿದ ರೈಲುದಾರಿಯೇ ಯುದ್ಧವನ್ನು ಗೆದ್ದಿತೆಂಬ ಗ್ರಹಿಕೆ, ಎದುರಾಳಿಗಳ ಶೌರ್ಯಕ್ಕೆ ಸಲ್ಲಿಸಿದ ಗೌರವ ಇವು ಆ ಕೃತಿಯ ಹಿರಿಮೆಗಳು. ಅದರ ಜೊತೆಗೆ ಇಸ್ಲಾಮನ್ನೂ ಸೂಡಾನಿನ ಜನರನ್ನೂ ಕುರಿತ, ಆ ಕಾಲದ ಸಾಮ್ರಾಜ್ಯಶಾಹಿ ಪೂರ್ವಗ್ರಹಗಳಿಂದ ಕೂಡಿದ ಮಾತುಗಳೂ ಅಲ್ಲಿವೆ. ಮುಖ್ಯವಾದ ಸಂಗತಿಯೆಂದರೆ, ಮಲಾಕಂಡಿನಲ್ಲಿ ಸಮರ್ಥಕನಾಗಿದ್ದವನು ಇಲ್ಲಿ ತನ್ನ ಸೇನಾಪತಿಯನ್ನು ಬಹಿರಂಗವಾಗಿ ಪ್ರಶ್ನಿಸಿದನು. ಕಿಚನರ್ ಮಹ್ದಿಯ ಗೋರಿಯನ್ನು ಕೆಡವಿಸಿ, ಅಸ್ಥಿಯನ್ನು ನೈಲ್ ನದಿಗೆ ಎಸೆಸಿ, ತಲೆಬುರುಡೆಯನ್ನು ಉಳಿಸಿಕೊಂಡುದನ್ನು ಖಂಡಿಸಿದನು. ಗಾಯಗೊಂಡು ಬಿದ್ದ ಶತ್ರುಗಳನ್ನು ಕೊಂದುದನ್ನೂ ಅವರನ್ನು ಹಾಗೆಯೇ ಬಿಟ್ಟು ನಡೆದುದನ್ನೂ ದಾಖಲಿಸಿದನು.

ಕೆಳದರ್ಜೆಯ ಅಧಿಕಾರಿಯೊಬ್ಬ ಸೇನಾಪತಿಯನ್ನು ಪತ್ರಿಕೆಯಲ್ಲೂ ಪುಸ್ತಕದಲ್ಲೂ ವಿಮರ್ಶಿಸುವುದು ಸೇನೆಯಲ್ಲಿ ಅಸಮಾಧಾನವನ್ನು ಹುಟ್ಟಿಸಿತು. ವೇಲ್ಸಿನ ರಾಜಕುಮಾರನೇ ಪತ್ರ ಬರೆದು ಎಚ್ಚರಿಸಿದನು. ಸೇವೆಯಲ್ಲಿರುವ ಸೈನಿಕನು ವರದಿಗಾರನಾಗಕೂಡದು, ವರದಿಗಾರನು ಸೈನಿಕನಾಗಕೂಡದು ಎಂಬ ನಿಯಮವನ್ನು ಯುದ್ಧ ಇಲಾಖೆ ಜಾರಿಗೆ ತಂದಿತು. ಚರ್ಚಿಲ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಯಿತು. ಲೇಖನಿಯಿಂದ ಬರುವ ಹಣ ಸೇನೆಯ ಸಂಬಳಕ್ಕಿಂತ ಹೆಚ್ಚಾಗಿತ್ತು. ೧೮೯೯ರ ಮಾರ್ಚಿನಲ್ಲಿ ಭಾರತವನ್ನು ಬಿಟ್ಟು ಸೇನೆಗೆ ರಾಜೀನಾಮೆಯಿತ್ತನು. ಆ ವರ್ಷದ ಜೂನ್ ತಿಂಗಳಲ್ಲಿ ಬೆಂಗಳೂರಿನ ಸೇನಾಧಿಕಾರಿಗಳ ಕ್ಲಬ್ಬು, ಅಂದರೆ ಇಂದಿನ ಬೆಂಗಳೂರು ಕ್ಲಬ್ಬು, ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ ಆತನ ಹೆಸರಿನ ಮುಂದೆ ಹದಿಮೂರು ರೂಪಾಯಿಗಳನ್ನು ನಮೂದಿಸಿಕೊಂಡಿತು.

'ದ ರಿವರ್ ವಾರ್' ಕೃತಿಯ ಮುಂದಿನ ಚರಿತ್ರೆ ಗ್ರಂಥಸಂಪಾದನೆಯಲ್ಲಿ ಆಸಕ್ತರಾದವರು ಗಮನಿಸಬೇಕಾದುದು. ೧೯೦೨ರಲ್ಲಿ ಅದರ ಒಂದೇ ಸಂಪುಟದ ಸಂಕ್ಷಿಪ್ತ ಆವೃತ್ತಿ ಹೊರಬಂದಿತು. ಆ ವೇಳೆಗೆ ಚರ್ಚಿಲ್ ಕನ್ಸರ್ವೇಟಿವ್ ಪಕ್ಷದ ಪಾರ್ಲಿಮೆಂಟ್ ಸದಸ್ಯನಾಗಿದ್ದನು, ಕಿಚನರ್ ರಾಷ್ಟ್ರನಾಯಕನಾಗಿದ್ದನು. ಕಿಚನರ್‌ನನ್ನು ಕುರಿತ ಟೀಕೆಯ ಬಹುಭಾಗ ಈ ಆವೃತ್ತಿಯಲ್ಲಿ ಮರೆಯಾಯಿತು. ಮುಂದಿನ ಮುದ್ರಣಗಳು ಬಹುಮಟ್ಟಿಗೆ ಈ ಸಂಕ್ಷಿಪ್ತ ಪಾಠವನ್ನೇ ಅನುಸರಿಸಿದವು. ಒಂದು ಶತಮಾನಕ್ಕೂ ಮಿಕ್ಕ ಕಾಲ ಓದುಗರು ಕಂಡದ್ದು ರಾಜಕಾರಣಿ ತಿದ್ದಿದ ಪಾಠವನ್ನೇ ಹೊರತು ವರದಿಗಾರನ ಪಾಠವನ್ನಲ್ಲ. ಮೊದಲ ಆವೃತ್ತಿಯನ್ನು ಪೂರ್ಣವಾಗಿ ಒಳಗೊಂಡ ವಿದ್ವತ್ ಸಂಪಾದಿತ ಆವೃತ್ತಿ ಇಪ್ಪತ್ತೊಂದನೆಯ ಶತಮಾನದಲ್ಲಿ, ಜೇಮ್ಸ್ ಮುಲ್ಲರ್ ಅವರ ಸಂಪಾದಕತ್ವದಲ್ಲಿ ಬಂದಿದೆ.

೬. ದಕ್ಷಿಣ ಆಫ್ರಿಕ: ಸೈನಿಕನೋ ವರದಿಗಾರನೋ

೧೮೯೯ರ ಜುಲೈನಲ್ಲಿ ಓಲ್ಡ್‌ಹ್ಯಾಮ್ ಕ್ಷೇತ್ರದ ಉಪಚುನಾವಣೆಯಲ್ಲಿ ಚರ್ಚಿಲ್ ಸೋತನು. ಅಕ್ಟೋಬರಿನಲ್ಲಿ ಬೋಯರ್ ಯುದ್ಧ ಆರಂಭವಾದಾಗ 'ಮಾರ್ನಿಂಗ್ ಪೋಸ್ಟ್' ತಿಂಗಳಿಗೆ ೨೫೦ ಪೌಂಡುಗಳ ಸಂಭಾವನೆಯ ಮೇಲೆ ಆತನನ್ನು ಕಳಿಸಿತು. ಆ ಕಾಲದ ವರದಿಗಾರರಿಗೆ ಅದು ಅಸಾಧಾರಣ ಮೊತ್ತ.

ನವೆಂಬರ್ ೧೫ರಂದು ನೆಟಾಲ್ ಪ್ರಾಂತದ ಎಸ್ಟ್‌ಕೋರ್ಟಿನಿಂದ ಹೊರಟ ಕವಚದ ರೈಲಿನಲ್ಲಿ ಆತನಿದ್ದನು. ಬೋಯರರು ಹಳಿಯ ಮೇಲೆ ಕಲ್ಲಿಟ್ಟು ರೈಲನ್ನು ಉರುಳಿಸಿ ಗುಂಡು ಹಾರಿಸಿದರು. ಒಂದು ಗಂಟೆಗೂ ಹೆಚ್ಚು ಕಾಲ ಗುಂಡುಗಳ ನಡುವೆ ನಿಂತು, ಮಗುಚಿದ ಬಂಡಿಗಳನ್ನು ಸರಿಸಿ, ಗಾಯಾಳುಗಳನ್ನು ಹೊತ್ತ ಎಂಜಿನ್ನು ಪಾರಾಗುವಂತೆ ಮಾಡಿದ್ದು ಮುಖ್ಯವಾಗಿ ಚರ್ಚಿಲ್. ಮತ್ತೆ ಉಳಿದವರ ಬಳಿಗೆ ಬರುವಾಗ ಸೆರೆಸಿಕ್ಕಿದನು. ಪಿಸ್ತೂಲನ್ನು ಎಂಜಿನ್ನಿನಲ್ಲಿ ಬಿಟ್ಟು ಬಂದಿದ್ದನು.

ನಾಲ್ಕು ವರ್ಷಗಳಿಂದ ಆತ ಅನುಭವಿಸಿಕೊಂಡು ಬಂದಿದ್ದ ದ್ವಂದ್ವ ಈಗ ಕಾನೂನಿನ ಪ್ರಶ್ನೆಯಾಗಿ ಎದುರಾಯಿತು. ತಾನು ನಿರಾಯುಧನಾದ ವರದಿಗಾರ, ತನ್ನನ್ನು ಬಿಡಬೇಕು ಎಂದು ಚರ್ಚಿಲ್ ವಾದಿಸಿದನು. ರೈಲನ್ನು ಪಾರುಮಾಡಿದ ಸಾಹಸವನ್ನು ನೆಟಾಲಿನ ಪತ್ರಿಕೆಗಳು ಕೊಂಡಾಡಿದ್ದವು; ಅವೇ ಆತನ ವಿರುದ್ಧದ ಸಾಕ್ಷ್ಯವಾದವು. ಕೀರ್ತಿಯನ್ನು ತಂದ ಕೃತ್ಯವೇ ಬಿಡುಗಡೆಗೆ ಅಡ್ಡಿಯಾಯಿತು. ಬೋಯರ್ ಸೇನಾಪತಿ ಜೌಬರ್ಟ್ ಮೊದಲು ಒಪ್ಪದೆ, ಕೊನೆಗೆ ಬಿಡಬಹುದೆಂದು ಮನಸ್ಸು ಮಾಡುವ ವೇಳೆಗೆ, ಡಿಸೆಂಬರ್ ೧೨ರ ರಾತ್ರಿ, ಬಂದಿಯು ಪ್ರಿಟೋರಿಯಾದ ಶಾಲಾ ಕಟ್ಟಡದ ಸೆರೆಯಿಂದ ಗೋಡೆ ಹಾರಿ ತಪ್ಪಿಸಿಕೊಂಡಿದ್ದನು. ಜೊತೆಗೆ ಬರಬೇಕಾಗಿದ್ದ ಹಾಲ್ಡೇನ್ ಮೊದಲಾದವರು ಹಿಂದೆ ಉಳಿದರು. ಅವರನ್ನು ಬಿಟ್ಟುಬಂದನೆಂಬ ಆಕ್ಷೇಪ ಹಲವು ವರ್ಷ ಆತನನ್ನು ಕಾಡಿತು. ವಿಟ್‌ಬ್ಯಾಂಕಿನ ಕಲ್ಲಿದ್ದಲ ಗಣಿಯ ವ್ಯವಸ್ಥಾಪಕ ಜಾನ್ ಹೋವರ್ಡ್ ಆತನನ್ನು ಗಣಿಯ ಒಳಗೆ ಅಡಗಿಸಿಟ್ಟು, ಉಣ್ಣೆಯ ಮೂಟೆಗಳ ನಡುವೆ ರೈಲು ಹತ್ತಿಸಿ ಪೋರ್ಚುಗೀಸರ ಲೊರೆಂಸೊ ಮಾರ್ಕಿಸ್ ಬಂದರಿಗೆ ಕಳಿಸಿದನು. ಡಿಸೆಂಬರ್ ೨೩ರಂದು ಡರ್ಬನ್ನಿನಲ್ಲಿ ಇಳಿದಾಗ ಚರ್ಚಿಲ್ ಜಗತ್ತಿಗೆಲ್ಲ ಪರಿಚಿತನಾಗಿದ್ದನು. ಈ ಪಲಾಯನದ ವರದಿಯಲ್ಲಿ ನೆರವಾದವರ ಹೆಸರುಗಳನ್ನು ಆತ ಬಿಟ್ಟುಬಿಟ್ಟನು. ಶತ್ರುನೆಲದಲ್ಲಿದ್ದ ಅವರ ಜೀವಕ್ಕೆ ಕುತ್ತು ಬಾರದಿರಲೆಂಬುದೇ ಕಾರಣ. ಆತನ ಬರವಣಿಗೆಯ ಮೌನಗಳೆಲ್ಲವೂ ಒಂದೇ ಬಗೆಯವಲ್ಲ ಎಂಬುದಕ್ಕೆ ಇದು ನಿದರ್ಶನ.

ಸೇನಾಪತಿ ಬುಲ್ಲರ್ ಚರ್ಚಿಲ್‌ನಿಗಾಗಿ ನಿಯಮವನ್ನು ಸಡಿಲಿಸಿದನು. ಸಂಬಳವಿಲ್ಲದ ಅಧಿಕಾರಿಯಾಗಿ ದಕ್ಷಿಣ ಆಫ್ರಿಕದ ಲಘು ಅಶ್ವದಳವನ್ನು ಸೇರಿ, ಮಾರ್ನಿಂಗ್ ಪೋಸ್ಟಿಗೂ ಬರೆಯುವ ಅವಕಾಶ ದೊರೆಯಿತು. ಯಾರ ನಿಮಿತ್ತವಾಗಿ ನಿಯಮ ಹುಟ್ಟಿತೋ ಅವನಿಗೇ ಅದರಿಂದ ವಿನಾಯಿತಿ. ೧೯೦೦ರ ಜನವರಿಯ ಸ್ಪಿಯನ್‌ಕಾಪ್ ಕದನದಲ್ಲಿ ಸಂದೇಶವಾಹಕನಾಗಿ ಹೆಣಗಳ ರಾಶಿಯ ನಡುವೆ ಆತ ಬೆಟ್ಟವನ್ನು ಹತ್ತಿಳಿದನು. ಅದೇ ಬೆಟ್ಟದ ತಪ್ಪಲಿನಲ್ಲಿ ಗಾಂಧೀಜಿಯವರು ಸಂಘಟಿಸಿದ ಸುಮಾರು ೧,೧೦೦ ಭಾರತೀಯರ ಶುಶ್ರೂಷಾ ದಳ ಗಾಯಾಳುಗಳನ್ನು ಡೋಲಿಗಳಲ್ಲಿ ಹೊತ್ತು ಸಾಗಿಸುತ್ತಿತ್ತು. ಆ ಹೊರೆಯಾಳುಗಳಲ್ಲಿ ಬಹುಮಂದಿ ಒಪ್ಪಂದದ ಕೂಲಿಗಳು. ಮೂರು ದಶಕಗಳ ಬಳಿಕ ಭಾರತದ ಸ್ವಾತಂತ್ರ್ಯದ ಪ್ರಶ್ನೆಯಲ್ಲಿ ಎದುರುಬದುರಾಗಲಿದ್ದ ಇಬ್ಬರು ಆಗ ಒಂದೇ ಸೇನೆಯ ಪರವಾಗಿ ದುಡಿಯುತ್ತಿದ್ದರು.

ಬುಲ್ಲರ್‌ನ ವೈಫಲ್ಯಗಳ ವಿಷಯದಲ್ಲಿ ಆ ಕಾಲದ ವರದಿಗಳು ಸಂಯಮದಿಂದಿವೆ. ವಿಡಂಬನೆ ಕಾಣಿಸಿಕೊಳ್ಳುವುದು ಮೂವತ್ತು ವರ್ಷಗಳ ಬಳಿಕ ಬಂದ ಆತ್ಮಕಥೆಯಲ್ಲಿ. ಆದರೆ ಸೋತ ಬೋಯರರನ್ನು ಉದಾರವಾಗಿ ಕಾಣಬೇಕೆಂದು ಯುದ್ಧದ ನಡುವೆಯೇ ಬರೆದು ನೆಟಾಲಿನ ಬ್ರಿಟಿಷರ ಕೋಪಕ್ಕೆ ಗುರಿಯಾದನು. ಲೇಡಿಸ್ಮಿತ್‌ನ ವಿಮೋಚನೆಯನ್ನೂ ಪ್ರಿಟೋರಿಯಾದ ಪತನವನ್ನೂ ಕಂಡು, ೧೯೦೦ರಲ್ಲೇ ಎರಡು ಪುಸ್ತಕಗಳನ್ನು ಪ್ರಕಟಿಸಿ, ಅಕ್ಟೋಬರಿನ ಚುನಾವಣೆಯಲ್ಲಿ ಓಲ್ಡ್‌ಹ್ಯಾಮಿನಿಂದ ಗೆದ್ದನು. ಪುಸ್ತಕಗಳಿಂದಲೂ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಮಾಡಿದ ಭಾಷಣಗಳಿಂದಲೂ ಸುಮಾರು ಹತ್ತು ಸಾವಿರ ಪೌಂಡು ಕೂಡಿತು. ವರದಿಗಾರನ ಕೆಲಸ ತಾನು ತಲುಪಿಸಬೇಕಾದ ಕಡೆಗೆ ಆತನನ್ನು ತಲುಪಿಸಿತ್ತು.

೭. ಅಧಿಕಾರದ ವರ್ಷಗಳು

ಅನಂತರದ ಜೀವನ ಬಹುಪರಿಚಿತವಾದುದು. ಆದರೆ ವರದಿಗಾರನಾಗಿದ್ದವನು ಅಧಿಕಾರಕ್ಕೆ ಬಂದಾಗ ವರದಿಗಾರಿಕೆಯನ್ನು ಹೇಗೆ ನಡೆಸಿಕೊಂಡನು ಎಂಬುದು ಇಲ್ಲಿ ಪ್ರಸ್ತುತ. ೧೯೧೪ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಚರ್ಚಿಲ್ ನೌಕಾಮಂತ್ರಿಯಾಗಿದ್ದನು, ಕಿಚನರ್ ಯುದ್ಧಮಂತ್ರಿ. ಪತ್ರಿಕೆಗಳಿಗೆ ಹೋಗುವ ಸುದ್ದಿಯನ್ನು ನಿಯಂತ್ರಿಸುವ ಸರ್ಕಾರಿ ಕಚೇರಿಯ ಸ್ಥಾಪನೆಯನ್ನು ಆಗಸ್ಟಿನಲ್ಲಿ ಪಾರ್ಲಿಮೆಂಟಿನ ಮುಂದೆ ಪ್ರಕಟಿಸಿದವನು ಚರ್ಚಿಲ್. ವರದಿಗಾರರಿಗೆ ರಣರಂಗದ ಪ್ರವೇಶ ನಿಷಿದ್ಧವಾಯಿತು. ಅವರ ಬದಲಿಗೆ ಅರ್ನೆಸ್ಟ್ ಸ್ವಿಂಟನ್ ಎಂಬ ಸೇನಾಧಿಕಾರಿ ಸರ್ಕಾರದ ಪರವಾಗಿ ಪ್ರತ್ಯಕ್ಷದರ್ಶಿಯ ವರದಿ ಬರೆಯತೊಡಗಿದನು. ಮಲಾಕಂಡಿನ ಯುವ ಅಧಿಕಾರಿಯ ಪಾತ್ರ ಹೀಗೆ ಸ್ವಾತಂತ್ರ್ಯವನ್ನು ಕಳೆದುಕೊಂಡು ಪ್ರಭುತ್ವದ ಸಾಧನವಾಗಿ ಮರಳಿ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಳುಗಿದ 'ಆಡೇಷಸ್' ಯುದ್ಧನೌಕೆಯ ಸುದ್ದಿಯನ್ನು ಯುದ್ಧ ಮುಗಿಯುವವರೆಗೆ ಅಧಿಕೃತವಾಗಿ ಮುಚ್ಚಿಡಲಾಯಿತು. ಡಾರ್ಡನಲ್ಸ್ ಸೋಲಿನ ಬಳಿಕ ಸ್ಥಾನ ಕಳೆದುಕೊಂಡ ಚರ್ಚಿಲ್ ೧೯೧೬ರಲ್ಲಿ ಕೆಲವು ತಿಂಗಳು ಪಶ್ಚಿಮ ರಂಗದ ಕಂದಕಗಳಲ್ಲಿ ಕಾಲ್ದಳದ ತುಕಡಿಯೊಂದನ್ನು ನಡೆಸಿದನು.

ಎರಡನೆಯ ಮಹಾಯುದ್ಧದಲ್ಲಿ ನಾಜಿ ಜರ್ಮನಿಯ ಎದುರು ಬ್ರಿಟನ್ನನ್ನು ಮುನ್ನಡೆಸಿದ ಪ್ರಧಾನಿಯ (೧೯೪೦-೪೫) ಮಾತಿನ ಶಕ್ತಿ ಬೆಂಗಳೂರಿನ ಓದಿನಲ್ಲಿ ರೂಪುಗೊಂಡದ್ದು. ಆದರೆ ಅದೇ ಅವಧಿಯಲ್ಲಿ, ೧೯೪೩ರಲ್ಲಿ, ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ವಿದ್ವಾಂಸರ ಅಂದಾಜು ಹದಿನೈದು ಲಕ್ಷದಿಂದ ಮೂವತ್ತು ಲಕ್ಷ ಮತ್ತು ಅದಕ್ಕೂ ಹೆಚ್ಚಿನವರೆಗೆ ಹೋಗುತ್ತದೆ. ಧಾನ್ಯಕ್ಕಾಗಿ ಭಾರತದಿಂದ ಬಂದ ಬೇಡಿಕೆಗಳಿಗೆ ಆತನ ಯುದ್ಧ ಮಂತ್ರಿಮಂಡಲ ಸಾಕಷ್ಟು ಹಡಗುಗಳನ್ನು ಕೊಡಲಿಲ್ಲ. ಇದರಲ್ಲಿ ಚರ್ಚಿಲ್‌ನ ವೈಯಕ್ತಿಕ ಹೊಣೆ ಎಷ್ಟೆಂಬುದರ ಬಗೆಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಅಧಿಕೃತವಾಗಿ ಕ್ಷಾಮವೆಂದು ಘೋಷಿಸದೆ ಸರ್ಕಾರ ಮೌನವಾಗಿದ್ದಾಗ ಆ ಮೌನವನ್ನು ಮುರಿದದ್ದು ಪತ್ರಿಕೆ. ಕಲ್ಕತ್ತೆಯ 'ಸ್ಟೇಟ್ಸ್‌ಮನ್'ನ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್ ತಿಂಗಳಲ್ಲಿ ಹಸಿವಿನಿಂದ ಸಾಯುತ್ತಿದ್ದವರ ಛಾಯಾಚಿತ್ರಗಳನ್ನು ಪ್ರಕಟಿಸಿದನು. ಪ್ರತ್ಯಕ್ಷ ಸಾಕ್ಷ್ಯದ ಬಲವನ್ನು ಚೆನ್ನಾಗಿ ಬಲ್ಲವನೊಬ್ಬನ ಆಳ್ವಿಕೆಯಲ್ಲಿ ಆ ಸಾಕ್ಷ್ಯ ಅಧಿಕಾರದ ಹೊರಗಿನಿಂದ ಬರಬೇಕಾಯಿತು.

ಚರ್ಚಿಲ್‌ನಿಗೆ ೧೯೫೩ರಲ್ಲಿ ಸಾಹಿತ್ಯದ ನೊಬೆಲ್ ಪುರಸ್ಕಾರ ಬಂದಿತು. ೧೯೬೫ರ ಜನವರಿ ೨೪ರಂದು, ತಂದೆ ತೀರಿಕೊಂಡ ಅದೇ ದಿನಾಂಕದಂದು, ಆತ ನಿಧನನಾದನು.

೮. ಸಮಾರೋಪ

ಸೈನಿಕನಾಗಿದ್ದುದರಿಂದಲೇ ಚರ್ಚಿಲ್‌ನಿಗೆ ಇತರ ವರದಿಗಾರರು ತಲುಪಲಾಗದ ಎಡೆಗಳು ತೆರೆದವು. ಸೈನಿಕನಾಗಿದ್ದುದರಿಂದಲೇ ಮಾಮುಂದ್ ಕಣಿವೆಯ ಬೆಂಕಿಯನ್ನು ಸುಟ್ಟವರ ಕಡೆಯಿಂದ ಮಾತ್ರ ನೋಡಲು ಸಾಧ್ಯವಾಯಿತು. ಒಮ್‌ಡರ್ಮನ್ನಿನಲ್ಲಿ ಆ ಎಲ್ಲೆಯನ್ನು ಮೀರಿ ಬರೆದಾಗ ಸೇನೆಯ ವೃತ್ತಿ ಕೊನೆಗೊಂಡಿತು. ಮೂರೇ ವರ್ಷಗಳಲ್ಲಿ ಆ ಬರಹವನ್ನು ಆತನೇ ಮೊಟಕುಗೊಳಿಸಿದನು. ಆದಕಾರಣ ಈ ಬರವಣಿಗೆಯನ್ನು ವಸಾಹತು ಕಾಲದ ಆಕರವಾಗಿ ಬಳಸುವವರು ಖಾಸಗಿ ಪತ್ರ, ಪತ್ರಿಕೆಯ ವರದಿ, ಮೊದಲ ಮುದ್ರಣ, ಪರಿಷ್ಕೃತ ಮುದ್ರಣ, ಆತ್ಮಕಥೆ ಎಂಬ ಐದು ಸ್ತರಗಳನ್ನು ಒಂದರೊಡನೊಂದು ಹೋಲಿಸಿ ಓದುವುದು ಅಗತ್ಯ. ಒಂದು ಸ್ತರದಲ್ಲಿ ಹೇಳಿದುದು ಇನ್ನೊಂದರಲ್ಲಿ ಮರೆಯಾಗಿರುವುದೇ ಈ ಆಕರದ ಮುಖ್ಯ ಸಾಕ್ಷ್ಯ. ಇದರ ಜೊತೆಗೆ, ಬೆಂಗಳೂರಿನ ದಂಡಿನಲ್ಲಿ ರಚಿತವಾದ ಈ ಪಠ್ಯಗಳನ್ನು ಅದೇ ವರ್ಷಗಳ ಮೈಸೂರು ಸಂಸ್ಥಾನದ ದಾಖಲೆಗಳೊಡನೆಯೂ ಕನ್ನಡ ಪತ್ರಿಕೆಗಳೊಡನೆಯೂ ಎದುರುಬದುರಾಗಿಟ್ಟು ನೋಡುವ ಅಧ್ಯಯನ ನಡೆದರೆ, ಬಂಗಲೆಯ ಓದುಕೋಣೆಯ ಹೊರಗೆ ಉಳಿದುಹೋದ ನಗರವೂ ಆ ಚಿತ್ರದೊಳಗೆ ಬರಬಲ್ಲದು.